ಅಮ್ಮಣ್ಣಿಯ ಸಂಪಿಗೆ ಕುಂಡ

"ಕೇಳ್ರಪ್ಪೋ ಕೇಳಿ! ಅಮ್ಮಣ್ಣಿಯವರ ಸಂಪಿಗೆ ಕುಂಡವನ್ನು ಬಿರುಕು ಬಿಡದ ಹಾಗೆ ಬಿಸಿಲಿಗೆ ಸಾಗಿಸಿದವನಿಗೆ ಅರ್ಧ ರಾಜ್ಯ! ಮೊದಲು ಮೂರು ಒಗಟು ಬಿಡಿಸಬೇಕು. ತಪ್ಪಿದರೆ ತಲೆದಂಡ!"

ಕಲ್ಲುಕೋಟೆಯ ರಾಜ ಹೀಗೆ ಡಂಗುರ ಹೊಡೆಸಿದ. ಆ ಕಲ್ಲುಕುಂಡವೇನು ಸಾಮಾನ್ಯದ್ದೇ? ಒಳಗೆ ಆನೆ ಮಲಗಿದರೆ ಬಾಲವೂ ಹೊರಗೆ ಕಾಣದು. ನನ್ನಂಥವನು ಹೇಳುವಾಗ ನಂಬಬೇಕು! ತೀರಿಹೋದ ರಾಣಿ ನೆಟ್ಟ ಗಿಡ, ಹೊಸ ಗೋಪುರದ ನೆರಳು ಬಿದ್ದು ಬಾಡುತ್ತಿತ್ತು. ಅರಮನೆ ತುಂಬ ಜನ. ರಾಜಕುಮಾರಿ ಅಮ್ಮಣ್ಣಿ ಮಾತಾಡುತ್ತಿದ್ದುದು ಆ ಗಿಡದ ಜೊತೆ ಮಾತ್ರ. ಕುಂಡ ಸಾಗಿಸುವ ಬಗೆಯನ್ನು ತಾಯಿ ಒಗಟು ಮಾಡಿ ಹೇಳಿದ್ದಳು, ಉತ್ತರ ಹೇಳುವ ಮೊದಲೇ ಕಣ್ಣು ಮುಚ್ಚಿದ್ದಳು. ಉತ್ತರ ಸರಿಯೋ ತಪ್ಪೋ ಎಂದು ಕುಂಡ ಕದಲಿದಾಗಲೇ ಗೊತ್ತಾಗಬೇಕು.

ಮೊದಲು ಜಟ್ಟಿಯೊಬ್ಬ ಬಂದ. ಅಮ್ಮಣ್ಣಿ ಕೇಳಿದಳು: "ಕೈಕಾಲಿಲ್ಲದ ಅಣ್ಣತಮ್ಮಂದಿರು ಬೆಟ್ಟ ಹೊತ್ತು ಸಾಗುತ್ತಾರೆ. ಹಿಂದೆ ಉಳಿದವನನ್ನು ಎತ್ತಿ ಮುಂದೆ ಮಲಗಿಸಬೇಕು. ಯಾರವರು?"

"ಹಗ್ಗ, ತಾಯಿ! ಇದೂ ಒಂದು ಒಗಟೇ?" ಎಂದವನೇ ಹಗ್ಗ ಬಿಗಿದು ಎಳೆದ. ಕುಂಡ ಕದಲಲಿಲ್ಲ, ಅವನ ಸೊಂಟ ಕದಲಿತು. ತಲೆಯೂ ಹೋಯಿತು.

ಪಾಳೇಗಾರನ ಮಗ "ಆನೆಗಳು" ಎಂದ. "ಆನೆಗೆ ಕಾಲಿಲ್ಲವೇನಪ್ಪ?" ಎಂದು ಜನ ನಕ್ಕರು. ಅವನ ತಲೆ ಉರುಳಿದಾಗ ಯಾರೂ ನಗಲಿಲ್ಲ.

ಆಮೇಲೆ ಹೊಳೆದಂಡೆಯ ಅಂಬಿಗರ ಚೌಡ ಬಂದ.

"ಹೋಗೋ ಹುಚ್ಚಾ, ಸತ್ತರೆ ಅಳುವುದಕ್ಕಾದರೂ ಯಾರಿದ್ದಾರೆ ನಿನಗೆ?" ಎಂದ ಕಾವಲುಗಾರ.

"ಯಾರೂ ಇಲ್ಲ ಅಂತಲೇ ಬಂದೆ ಅಣ್ಣಾ."

ಮೊದಲ ಒಗಟಿಗೆ ಚೌಡ ಹೇಳಿದ: "ದುಂಡು ದಿಮ್ಮಿಗಳು, ಅಮ್ಮಣ್ಣಿ. ನನ್ನ ದೋಣಿಗೆ ಕೈಹಚ್ಚುವವರಿಲ್ಲ. ದಿಮ್ಮಿಗಳ ಮೇಲೆ ಉರುಳಿಸಿಯೇ ದಡ ಹತ್ತಿಸುತ್ತೇನೆ."

"ಬಾಯಾರಿದಾಗ ಹಗುರಾಗಿ ಹೊರಡುತ್ತಾಳೆ, ಕುಡಿದರೆ ಏಳಲಾರಳು. ಯಾರು?"

"ಕುಂಡದ ಮಣ್ಣು. ಸಾಗಿಸುವ ತನಕ ನೀರು ಹೊಯ್ಯಬೇಡಿ."

"ಏರಿನಲ್ಲಿ ಬೆನ್ನಿಗೆ ನಿಲ್ಲುತ್ತಾನೆ, ಎಷ್ಟು ಭಾರ ಬಿದ್ದರೂ ಬಿಟ್ಟು ಓಡುವುದಿಲ್ಲ. ಯಾರು?"

ಚೌಡ ಒಮ್ಮೆ ಹಿಂದೆ ತಿರುಗಿ ನೋಡಿದ. ಅವನ ಬೆನ್ನಿಗೆ ಹಾಗೆ ಯಾರು ನಿಂತಿದ್ದರು? ತಳವಾರ ಕತ್ತಿ ಎತ್ತಿದ.

"ಕಲ್ಲು" ಎಂದ ಚೌಡ ಮೆಲ್ಲಗೆ. "ಹಿಂದಕ್ಕೆ ಜಾರದ ಹಾಗೆ ದೋಣಿಯಡಿಗೆ ಕೊಡುವ ಕಲ್ಲು. ನನಗೆ ಗೊತ್ತಿರುವವನು ಅವನೊಬ್ಬನೇ."

ತಳವಾರ ಕತ್ತಿ ತಗ್ಗಿಸಿದ. ಚೌಡ ಹಾರೆಯಿಂದ ಮೀಟಿ ದಿಮ್ಮಿಗಳನ್ನು ಕುಂಡದಡಿಗೆ ತೂರಿಸಿದ. ಒಂದಿಷ್ಟು ತಳ್ಳುತ್ತಾನೆ, ಕಲ್ಲು ಕೊಡುತ್ತಾನೆ, ಹಿಂದಿನ ದಿಮ್ಮಿಗಾಗಿ ಓಡುತ್ತಾನೆ. ಒಮ್ಮೆ ಹಾಗೆ ಓಡಿದಾಗ ದಿಮ್ಮಿ ಅಲ್ಲಿರಲಿಲ್ಲ. ಅಮ್ಮಣ್ಣಿ ಸೆರಗು ಸಿಕ್ಕಿಸಿ ಅದನ್ನು ಎದೆಗವಚಿಕೊಂಡು ಹೊರಟಿದ್ದಳು.

"ಇಳಿಸು ಮಗಳೇ, ಆಳುಗಳಿದ್ದಾರೆ!" ಎಂದ ರಾಜ.

"ಇಷ್ಟು ವರ್ಷವೂ ಇದ್ದರಲ್ಲ, ಅಪ್ಪಾಜಿ" ಎಂದವಳೇ ಅದನ್ನು ಮುಂದೆ ಮಲಗಿಸಿದಳು.

ಕುಂಡ ಬಿರುಕು ಬಿಡದೆ ಬಿಸಿಲು ಸೇರಿತು, ಒಂದು ಎಲೆಯೂ ಉದುರಲಿಲ್ಲ. ಅರ್ಧ ರಾಜ್ಯ ಬರೆದುಕೊಟ್ಟರು. ಅದನ್ನು ನೋಡಿಬರಲು ಚೌಡನಿಗೆ ಬಿಡುವೆಲ್ಲಿ? ಅಮ್ಮಣ್ಣಿ ಆಗಲೇ ನೆರಳಲ್ಲಿದ್ದ ಇನ್ನೊಂದು ಕುಂಡದ ಹಿಂದೆ ನಿಂತು ಕೂಗುತ್ತಿದ್ದಳು: "ತಳ್ಳು ಚೌಡಾ, ನಾನಿದ್ದೇನೆ!"