ನೀಲಣ್ಣವರಿಗೆ ಆ ಹೆಸರು ಬಂದದ್ದು

ಒಂದೂರಂತೆ. ಊರ ಮುಂದೆ ಒಂದು ಹೊಳೆಯಂತೆ. ಆ ಹೊಳೆಗೆ ಸೇತುವೆ ಕಟ್ಟುವವರು ಇನ್ನೂ ಹುಟ್ಟಿರಲಿಲ್ಲವಂತೆ. ಆಗ ಮನೆತನದ ಹೆಸರು ಎಂಬುದು ಯಾರಿಗೂ ಇರಲಿಲ್ಲ. ಒಬ್ಬನಿಗೆ ಒಂದೇ ಹೆಸರು. ಅವನು ಹೋದರೆ ಅದೂ ಹೋಯಿತು.

ಆ ಊರಲ್ಲಿ ನೀಲಣ್ಣನೆಂಬ ಅಂಬಿಗನಿದ್ದ. ಅವನಿಗೊಂದು ಹರಿಗೋಲು, ಸಂಕವ್ವನೆಂಬ ಒಬ್ಬಳೇ ಮಗಳು. ಹೊಳೆಗೊಂದು ಕಟ್ಟಳೆ ಇತ್ತು. ಆಚೆ ದಡದವರು ಅಂಬಿಗನ ಹೆಸರು ಹಿಡಿದು ಮೂರು ಸಲ ಕೂಗಬೇಕು. ಮೂರನೆಯ ಕೂಗಿಗೆ ಅವನು "ಬಂದೆ" ಅನ್ನಬೇಕು. ಅಂದ ಮೇಲೆ ಕೈಯಲ್ಲಿನ ತುತ್ತನ್ನೂ ಬಿಟ್ಟು ಏಳಬೇಕು. ಕೂಗಿದವರನ್ನು ಈಚೆ ದಡಕ್ಕೆ ಇಳಿಸುವ ತನಕ ಆ ಮಾತು ತೀರುವುದಿಲ್ಲ.

ಒಂದು ದಿನ ಹೊಳೆ ಕೆಂಪಗೆ ತುಂಬಿ ಬಂತು. ಆಚೆ ದಡದಲ್ಲಿ ಕುಂಬಾರರ ಹೂವಜ್ಜಿ ಏಳು ಗಡಿಗೆ ಇಟ್ಟುಕೊಂಡು ನಿಂತು, "ಓ ನೀಲಣ್ಣಾ!" ಎಂದು ಮೂರು ಸಲ ಕೂಗಿದಳು.

"ಬಂದೆ!" ಅಂದ ನೀಲಣ್ಣ.

"ಅಪ್ಪಾ, ಇವತ್ತು ಬ್ಯಾಡ," ಅಂದಳು ಸಂಕವ್ವ.

"ಬಂದೆ ಅಂದ್ಬಿಟ್ಟೀನಲ್ಲವ್ವಾ," ಎಂದು ಹುಟ್ಟು ಹಿಡಿದು ಹೊರಟ.

ನಡುಹೊಳೆಯ ಸುಳಿಯಲ್ಲಿ ಹರಿಗೋಲು ಒಂದು ಸುತ್ತು ತಿರುಗಿತು. ಎರಡು ಸುತ್ತು ತಿರುಗಿತು. ಮೂರನೆಯ ಸುತ್ತಿಗೆ ಹರಿಗೋಲು ಮಾತ್ರ ಇತ್ತು. ಕೆಳಗಿನ ಊರವರು ಅದನ್ನು ಹಿಡಿದು ತಂದುಕೊಟ್ಟರು. ನೀಲಣ್ಣ ಸಿಗಲಿಲ್ಲ.

ಜನರ ನಾಲಿಗೆಗೆ ಮೂವತ್ತು ವರ್ಷದ ರೂಢಿ. ಅಂಬಿಗನಿಲ್ಲವೆಂದು ಗೊತ್ತಿದ್ದರೂ ಆಚೆ ದಡಕ್ಕೆ ಬಂದು ನಿಂತೊಡನೆ "ಓ ನೀಲಣ್ಣಾ!" ಎಂದುಬಿಡುತ್ತಿದ್ದರು. ಅಂದದ್ದೇ ತಡ, ಗೂಟಕ್ಕೆ ಕಟ್ಟಿದ ಖಾಲಿ ಹರಿಗೋಲು ಗಿರ್ರನೆ ತಿರುಗುತ್ತಿತ್ತಂತೆ, ಹಗ್ಗ ಜಗ್ಗುತ್ತಿತ್ತಂತೆ. ಸಂಕವ್ವ ರೊಟ್ಟಿಯನ್ನು ಹಂಚಿನ ಮೇಲೆ ಬಿಟ್ಟು ದಡಕ್ಕೆ ಓಡುವಳು. ಹರಿಗೋಲಿನಲ್ಲಿ ಯಾರೂ ಇಲ್ಲ. ಮನೆಗೆ ಬರುವಳು. ಮತ್ತೆ ಕೂಗು, ಮತ್ತೆ ಓಟ. ದಿನವೂ ರೊಟ್ಟಿ ಕರಕಲು.

ಊರಗೌಡ, "ಆ ಹೆಸರು ಯಾರೂ ಎತ್ತಬೇಡಿ," ಎಂದು ಡಂಗುರ ಹೊಡೆಸಿದ. ಕೂಗು ನಿಂತಿತು; ತಿರುಗುವುದು ನಿಲ್ಲಲಿಲ್ಲ. ಈಗ ಹರಿಗೋಲು ಹಗಲೆಲ್ಲ ತಿರುಗಿತು, ಯಾವ ದಿಕ್ಕಿನಿಂದ ಕೂಗು ಬಂದೀತೋ ಎಂದು ಹುಡುಕುವ ಹಾಗೆ. ದನಗಳು ಹೊಳೆಯ ನೀರು ಮುಟ್ಟಲಿಲ್ಲ. ಪರವೂರಿಂದ ಬಂದ ಅಂಬಿಗ ಒಂದೇ ದಿನಕ್ಕೆ ಹುಟ್ಟು ಕೆಳಗಿಟ್ಟು, "ಇದಕ್ಕ ಬ್ಯಾರೆ ಯಜಮಾನ ಅದಾನ್ರೀ," ಎಂದು ಹೋದ.

"ಇನ್ನು ಮೂರು ದಿನ ನೋಡತೀನಿ. ನಿಲ್ಲಲಿಲ್ಲಂದ್ರ ಹರಿಗೋಲು ಸುಟ್ಟುಬಿಡೂದ," ಅಂದ ಗೌಡ.

ಸಂಕವ್ವನಿಗೆ ಒಂದೇ ಚಿಂತೆ: ಹರಿಗೋಲು ಸುಟ್ಟರೆ ಅಪ್ಪ ಯಾವುದರಲ್ಲಿ ದಡ ಸೇರಬೇಕು? ಹೊಳೆಯ ಗುಂಟ ನಡೆದಳು, ನೀರು ಮೊಣಕಾಲಿಗಿಳಿಯುವಲ್ಲಿ ದಾಟಿದಳು, ಆಚೆಯೂರಿನ ಹೂವಜ್ಜಿಯ ಬಾಗಿಲಿಗೆ ಹೋದಳು. ಅಜ್ಜಿ ಅಂದಿನಿಂದ ಹೊಳೆಯ ಕಡೆ ತಲೆಹಾಕಿರಲಿಲ್ಲ. ಏಳೂ ಗಡಿಗೆ ಮೂಲೆಯಲ್ಲಿದ್ದವು.

"ನನ್ನ ಬಾಯಿಗೆ ಬೆಂಕಿ ಹಾಕವ್ವಾ," ಎಂದು ಅಜ್ಜಿ ಅತ್ತಳು.

"ಬೈಯಾಕ ಬಂದಿಲ್ಲಬೇ. ಅವತ್ತ ನೀ ಕೂಗಿದಿ, ಅಪ್ಪ ಬಂದೆ ಅಂದ. ಆ ಮಾತು ಇನ್ನೂ ತೀರಿಲ್ಲ. ನೀ ಇನ್ನೂ ಆಚೆ ದಡದಾಗ ಅದಿ. ಇವ ಗಡಿಗಿ ಹೊತ್ತು, ಅದ ಜಾಗದಾಗ ನಿಂತು ಮತ್ತ ಕೂಗು."

"ನೀನೂ ಮುಳುಗಿದರ?"

"ನಿನ್ನ ಗಡಿಗಿ ಬೋರಲ ಹಾಕ್ಕೊಂಡು ಈಜತೀನಿ ತಗೋ. ತೂತು ಇಲ್ಲಲ್ಲ?"

ಅಳುತ್ತಿದ್ದ ಅಜ್ಜಿಗೆ ಸಿಟ್ಟು ಬಂತು. "ನನ್ನ ಗಡಿಗಿಗೆ ತೂತು ಅಂತೀಯೇನ, ಖೋಡಿ!" ಎಂದು ಎದ್ದೇಬಿಟ್ಟಳಂತೆ.

ಮೂರನೆಯ ದಿನ ಗೌಡ ಕೊಳ್ಳಿ ಹಿಡಿದು ದಡಕ್ಕೆ ಬಂದ. ಆಚೆ ದಡದಿಂದ ಕೂಗು ಬಂತು: "ಓ ನೀಲಣ್ಣಾ!" ಜನ ಕಿವಿ ಮುಚ್ಚಿಕೊಂಡರು. ಹರಿಗೋಲು ತಿರುಗಿತು. "ಓ ನೀಲಣ್ಣಾ!" ಹಗ್ಗ ಬಿಗಿಯಿತು. "ಓ ನೀಲಣ್ಣಾ!"

"ಬಂದೆ!" ಅಂದಳು ಸಂಕವ್ವ.

"ಕರದದ್ದು ನಿಮ್ಮಪ್ಪನ್ನ, ನಿನ್ನಲ್ಲ," ಅಂದ ಗೌಡ.

"ಅಪ್ಪನ್ನ ಕರದರ ನಾವಲ್ಲದ ಮತ್ಯಾರು ಓಗೊಡಬೇಕ್ರೀ ಗೌಡ್ರ?" ಎಂದು ಹಗ್ಗ ಬಿಚ್ಚಿದಳು.

ನಡುಹೊಳೆಯಲ್ಲಿ ಹರಿಗೋಲು ಒಂದು ಸುತ್ತು ತಿರುಗಿತು. ಎರಡು ಸುತ್ತು ತಿರುಗಿತು. ಹುಟ್ಟಿನ ಮೇಲೆ ಇನ್ನೊಂದು ಕೈಯ ಭಾರ ಬಿತ್ತು. ಅವಳು ಆ ಕೈಯನ್ನು ಬಲ್ಲಳು.

"ಅಪ್ಪಾ, ನೀ ಆಡಿದ ಮಾತು ನಾ ಮುಟ್ಟಸ್ತೀನಿ. ಹುಟ್ಟು ಬಿಡು. ದಣದೀದಿ."

ಮೂರನೆಯ ಸುತ್ತು ತಿರುಗಲಿಲ್ಲ. ಹುಟ್ಟು ಹಗುರವಾಯಿತು. ಎಷ್ಟು ಹಗುರವೆಂದರೆ, ಸಂಕವ್ವನಿಗೆ ಅಲ್ಲಿಯೇ ಕೂತು ಅಳಬೇಕೆನಿಸಿತಂತೆ. ಆದರೆ ಆಚೆ ದಡದಲ್ಲಿ ಅಜ್ಜಿ ಕಾಯುತ್ತಿದ್ದಳು.

ಅಜ್ಜಿ ಈಚೆ ದಡಕ್ಕಿಳಿದಳು. ಏಳು ಗಡಿಗೆಯೂ ಇಳಿದವು, ಒಂದೂ ಬಿರುಕು ಬಿಟ್ಟಿರಲಿಲ್ಲ. ಗೌಡ ಕೊಳ್ಳಿಯನ್ನು ನೀರಿಗೆ ಅದ್ದಿದ. ಗೂಟಕ್ಕೆ ಕಟ್ಟಿದ ಹರಿಗೋಲು ಸುಮ್ಮನೆ ನಿಂತಿತು. ಸಂಕವ್ವ ಮನೆಗೆ ಹೋಗಿ, ಬಹಳ ದಿನಗಳ ಮೇಲೆ ಒಂದು ರೊಟ್ಟಿಯನ್ನು ಎರಡೂ ಕಡೆ ಸರಿಯಾಗಿ ಸುಟ್ಟು, ಕೂತು ಉಂಡಳು.

ಅಂದಿನಿಂದ ಆಚೆ ದಡದವರು "ಓ ನೀಲಣ್ಣವರ!" ಎಂದು, ನೀಲಣ್ಣನ ಮನೆಯವರನ್ನೆಲ್ಲ ಸೇರಿಸಿ, ಕೂಗತೊಡಗಿದರು. ಮೊದಲು ಸಂಕವ್ವ ನೀಲಣ್ಣವರ. ಮನೆ ಅಳಿಯನಾಗಿ ಬಂದವನೂ ಮೂರೇ ದಿನಕ್ಕೆ ನೀಲಣ್ಣವರ. ಮಕ್ಕಳು, ಮೊಮ್ಮಕ್ಕಳು, ಹೊಳೆ ಬಿಟ್ಟು ನೇಗಿಲು ಹಿಡಿದವರು, ಮಗ್ಗಕ್ಕೆ ಕೂತವರು, ಎಲ್ಲರೂ ನೀಲಣ್ಣವರ. ಈಗಲೂ ಆ ಮನೆತನದವರನ್ನು ಹಿಂದಿನಿಂದ ಯಾರಾದರೂ ಕರೆದರೆ, ಯಾರು, ಏಕೆ ಎಂದು ಕೇಳುವುದಿಲ್ಲವಂತೆ. ಮೊದಲು "ಬಂದೆ" ಅನ್ನುತ್ತಾರೆ, ಆಮೇಲೆ ತಿರುಗಿ ನೋಡುತ್ತಾರೆ.

ಅಜ್ಜಿ ದಡ ಸೇರಿದಳು, ಹರಿಗೋಲು ಗೂಟ ಸೇರಿತು, ಕಥೆ ನಿಮ್ಮ ಮಡಿಲು ಸೇರಿತು. ಕೇಳಿದವರ ಮನೆಯಲ್ಲಿ, ಕರೆದರೆ ಓಗೊಡುವವರು ಇರಲಿ.