ಮೊದಲು ಓದು, ಆಮೇಲೆ ಮೇವು

ಗಾಣಕ್ಕೆ ಯಂತ್ರ ಬಂದ ಮೇಲೆ ಕೆಲಸ ಕಳೆದುಕೊಂಡ ಎತ್ತೊಂದು ನಿರುದ್ಯೋಗಿ ಪ್ರಾಣಿಗಳಿಗೆ ಮೇವು ಹಂಚುವ ಕಚೇರಿಗೆ ಹೋಯಿತು. ಅಲ್ಲಿ ಸೀಬೆಹಣ್ಣು ಕುಕ್ಕುತ್ತ ಕೂತಿದ್ದ ಗಿಳಿಯೇ ಅಧಿಕಾರಿ.

“ಸ್ವಾಮಿ, ಎರಡು ದಿನದಿಂದ ಹೊಟ್ಟೆಗೆ ಏನೂ ಇಲ್ಲ,” ಎಂದಿತು ಎತ್ತು.

“ಓದು, ಲೆಕ್ಕ ಕಲಿತವರಿಗೆ ಮಾತ್ರ ಮೇವು. ಅಕ್ಷರ ಬಾರದವರು ರಾಜ್ಯಕ್ಕೆ ಭಾರ. ಕಲಿತು ಬಾ,” ಎಂದಿತು ಗಿಳಿ.

ಎತ್ತು ಬೇಲಿಯ ಒಣಸೊಪ್ಪು ತಿನ್ನುತ್ತ ಮೂರು ತಿಂಗಳು ತಿಣುಕಿ ಅಕ್ಷರ ಕಲಿಯಿತು. ಎದ್ದು ಕಾಣುತ್ತಿದ್ದ ತನ್ನ ಪಕ್ಕೆಲುಬುಗಳನ್ನೇ ಎಣಿಸಿ ಲೆಕ್ಕವನ್ನೂ ಕಲಿಯಿತು. ಆಮೇಲೆ ಕಾಲೆಳೆಯುತ್ತ ಕಚೇರಿಗೆ ಬಂತು.

ಗಿಳಿ ಪರೀಕ್ಷೆಗೆಂದು ರಾಜಾಜ್ಞೆಯ ಹಾಳೆಯನ್ನು ಅದರ ಮುಂದಿಟ್ಟಿತು. ಎತ್ತು ಗಟ್ಟಿಯಾಗಿ ಓದಿತು: “ಕೆಲಸ ಕಳೆದುಕೊಂಡವರಿಗೆ ಮೊದಲ ದಿನವೇ ಮೇವು ಕೊಡಬೇಕು. ಹೊಟ್ಟೆ ತುಂಬಿದ ಮೇಲೆ ಅಕ್ಷರ ಕಲಿಸಬೇಕು.”

ಸಾಲಿನಲ್ಲಿ ನಿಂತಿದ್ದ ಕತ್ತೆ, ಕುದುರೆಗಳು ಇದನ್ನು ಕೇಳಿದ್ದೇ ತಡ, ಮೇವಿನ ಕೋಣೆಗೆ ನುಗ್ಗಿದವು.

“ಇದನ್ನು ತಾವು ಓದಿರಲಿಲ್ಲವೇ?” ಎಂದು ಎತ್ತು ಕೇಳಿತು.

“ನನಗೆಲ್ಲಿ ಓದು ಬರುತ್ತದೆ? ಹಿಂದಿನ ಅಧಿಕಾರಿ ಹೇಳಿದ್ದನ್ನೇ ಹೇಳುತ್ತಿದ್ದೆ.”

“ಹಾಗಾದರೆ ತಮಗೆ ದಿನವೂ ಸೀಬೆಹಣ್ಣು ಹೇಗೆ ಸಿಗುತ್ತದೆ?”

ಗಿಳಿ ಗಂಭೀರವಾಗಿ ಉತ್ತರಿಸಿತು: “ಅದು ಸಂಬಳ. ಅದಕ್ಕೆ ಓದು ಬೇಕಿಲ್ಲ.”