ಪೋಲಿಯೊ ಸೀಸೆಯೂ ನನ್ನ ಬ್ಲಾಕ್‌ಚೈನೂ

“ಕೆಂಚನಕಟ್ಟೆ ಆಸ್ಪತ್ರೆಗೆ ಇದೇ ದಾರೀನಾ ಅಣ್ಣ?”

“ಬೆಳಗ್ಗೇನೂ ನೀವೇ ಕೇಳಿದ್ರಲ್ಲಕ್ಕಾ!” ಅಂದ ಕುರಿ ಕಾಯುವವ.

ಬ್ಲಾಕ್‌ಚೈನ್ ಬಗ್ಗೆ ಭಾಷಣ ಮಾಡುತ್ತಾ ಮೂವತ್ತು ದೇಶ ಸುತ್ತಿದವಳು ನಾನು. ಲಸಿಕೆ ಪೆಟ್ಟಿಗೆಯೊಂದಿಗೆ ಜೀಪಿನಲ್ಲಿ ದಾರಿ ತಪ್ಪಿ ಅಲೆದು ಆಸ್ಪತ್ರೆ ತಲುಪಿದ್ದು ಮಟಮಟ ಮಧ್ಯಾಹ್ನ.

ನರ್ಸ್ ದೇವೀರಮ್ಮ ಪೋಲಿಯೊ ಸೀಸೆ ಎತ್ತಿ ನೋಡಿದರು. ಬಿಸಿ ತಾಗಿದರೆ ಕಪ್ಪಾಗುವ ಗುರುತು ಕಪ್ಪಾಗಿತ್ತು. “ಕೆಟ್ಟಿದೆ ಮೇಡಂ.”

“ನಮ್ಮ ಬ್ಲಾಕ್‌ಚೈನ್ ಅನ್ನೋ ಮೊಬೈಲ್ ದಾಖಲೆಯಲ್ಲಿ ತಣ್ಣಗಿದೆ ಅಂತಿದೆ. ಅದರಲ್ಲಿ ಬರೆದದ್ದನ್ನ ಯಾರೂ ಅಳಿಸೋಕಾಗಲ್ಲ. ಮಕ್ಕಳಿಗೆ ಹಾಕಿ!” ಎಂದು ಗದರಿದೆ.

“ಆಗಲಿ. ನಿಮ್ಮ ಮಾತಿನ ಮೇಲೆ ಹಾಕಿದ್ದು ಅಂತ ಹೆಸರು ಸಮೇತ ಅದರಲ್ಲೇ ಬರೆದುಬಿಡಿ.”

ಮೊಬೈಲ್ ತೆಗೆದು ನನ್ನ ಹೆಸರು ಅರ್ಧ ಬರೆದು ನಿಲ್ಲಿಸಿದೆ. ಯಾರೂ ಅಳಿಸೋಕಾಗಲ್ಲ ಅಂತ ಊರೂರಲ್ಲಿ ಸಾರಿದ ಮಾತಿನ ಅರ್ಥ ನನಗೇ ಆಗ ತಿಳಿಯಿತು.

“ಕೆಡಿಸಿದವಳು ನಾನೇ” ಎಂದು ಬರೆದೆ. ದಾರಿ ತೋರಿಸಲು ದೇವೀರಮ್ಮನವರನ್ನೇ ಜೀಪಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ, ಸಂಜೆಯೊಳಗೆ ಹೊಸ ಸೀಸೆ ತಂದು ಮಕ್ಕಳಿಗೆ ಹಾಕಿಸಿ, ಬೆಳಗ್ಗಿನಿಂದ ಆಸ್ಪತ್ರೆಯಲ್ಲಿ ಕಾದಿದ್ದ ತಾಯಂದಿರ ಋಣ ತೀರಿಸಿದೆ.